ಇಡಿಯೋಪತಿ ಡಾಕ್ಟರು

ದೊಡ್ಡಾಸ್ಪತ್ರೆಯ ಡಾಕ್ಟರು ಕೊಟ್ಟ ಉತ್ತರ ಒಂದೇ ಒಂದು ಮಾತು. ಅದೂ ಇಂಗ್ಲಿಷಿನಲ್ಲಿ, ಅದೂ ಎದ್ದು ಹೊರಡುವಾಗ. ಹಾಸಿಗೆಯವಳು ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಮನೆತನಕ ತಂದಳು. ಬಸ್ಸಿನ ಹೆಂಗಸರ ಸೀಟಿನಲ್ಲಿ ಪಕ್ಕ ಕೂತವಳು ಎಷ್ಟು ಮಾತಿಗೆಳೆದರೂ ಬರೀ ತಲೆಯಾಡಿಸಿದಳೇ ಹೊರತು ತುಟಿ ಬಿಚ್ಚಲಿಲ್ಲ. ಬಾಯಿ ತೆರೆದರೆ ಮಾತು ಎಲ್ಲಿ ಉದುರಿಹೋದೀತೋ ಎಂಬ ದಿಗಿಲು ಅವಳಿಗೆ.

ಹಾಸಿಗೆಯವಳು ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ದಿಂಬು ಹೊಲಿಯುವುದು ಅವಳ ಕಸುಬು. ಮದುವೆಯಾಗಿ ಬಂದ ವರ್ಷವೇ ಶುರುಮಾಡಿದ್ದು, ಇನ್ನೂ ನಿಂತಿಲ್ಲ. ಗಂಡ ಬಸ್ ಕಂಡಕ್ಟರು. ಅವನು ಸ್ಟಾಪಿನಲ್ಲಿ "ಹೋಲ್ಡಾನ್!" ಎಂದರೆ ಡ್ರೈವರ್ ಮಾತ್ರವಲ್ಲ, ರಸ್ತೆ ದಾಟುತ್ತಿದ್ದ ನಾಯಿಯೂ ಒಂದು ಗಳಿಗೆ ನಿಲ್ಲುತ್ತಿತ್ತು ಎಂದು ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ಅಂಥ ಗಂಟಲಿನವನು ಈಗ ಸ್ನಾನದ ಮನೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾನೆ. ಸೀಟಿ ಊದಲಾಗದ ಕಂಡಕ್ಟರನ್ನು ಇಟ್ಟುಕೊಂಡು ಡಿಪೋದವರು ತಾನೇ ಏನು ಮಾಡಿಯಾರು? ರಜೆ ಹಾಕಿ ಮಲಗು ಎಂದರು, ಮಲಗಿದ.

ಮಲಗಿದ ಎಂದೆನಷ್ಟೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿನ ಮೇಲೆ ದಿಂಬು ಪೇರಿಸಿ ಅದಕ್ಕೆ ಒರಗಿಯೇ ಕೂತಿರುತ್ತಿದ್ದ. ದಿಂಬಿಗೇನು ಆ ಮನೆಯಲ್ಲಿ ಬರವಿಲ್ಲವಲ್ಲ.

ಆಸ್ಪತ್ರೆಯಲ್ಲಿ ಅವತ್ತು ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಇವಳೊಬ್ಬಳನ್ನೇ ಒಳಗೆ ಕರೆದಿದ್ದರು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಹೇಳಿದರು: "ಶ್ವಾಸಕೋಶ ಗಟ್ಟಿಯಾಗ್ತಾ ಇದೆ ಅಮ್ಮಾ. ಮೆತ್ತಗಿರ್ಬೇಕು ಅದು, ಗಾಳಿ ತುಂಬ್ಕೋಬೇಕು. ನಿಮ್ಮೋರದ್ದು ಗಂಟು ಗಂಟಾಗಿ ಬಿರುಸಾಗ್ಬಿಟ್ಟಿದೆ."

ಇದು ಮಾತ್ರ ಹಾಸಿಗೆಯವಳಿಗೆ ಚೆನ್ನಾಗಿ ತಿಳಿಯಿತು. ಹಳೆಯ ಹಾಸಿಗೆ ಹೊತ್ತು ತರುವವರ ಗೋಳೆಲ್ಲ ಇದೇ ಅಲ್ಲವೇ? ಮೆತ್ತಗಿದ್ದ ಹತ್ತಿ ವರ್ಷಗಳ ಭಾರಕ್ಕೆ ಗಂಟುಕಟ್ಟಿ ಹಲಗೆಯಾಗಿರುತ್ತದೆ. ಅವಳು ಹೊಲಿಗೆ ಬಿಚ್ಚಿ, ಬಿಸಿಲಿಗೆ ಹರವಿ, ಹಿಂಜಿ ತುಂಬಿದರೆ ಮತ್ತೆ ಹೊಸದರ ಹಾಗೆ ಉಬ್ಬಿ ಕೂರುತ್ತದೆ. ಗಂಟುಕಟ್ಟಿದ್ದನ್ನು ಬಿಡಿಸಬಹುದು ಎಂಬುದು ಅವಳ ಇಡೀ ಬದುಕಿನ ನಂಬಿಕೆ. ಆ ಧೈರ್ಯದಲ್ಲೇ ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿಬಿಟ್ಟಳು: "ಇದು ಯಾವುದರಿಂದ ಬಂತು ಡಾಕ್ಟ್ರೇ? ಇದಕ್ಕೆ ಔಷಧಿ ಯಾವುದು?"

ಮೊದಲನೆಯದು ಅವಳದಾಗಿರಲಿಲ್ಲ, ನಾದಿನಿಯದು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ನಾದಿನಿ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮನೆ ತುಂಬ ಹತ್ತಿ ಹಾರಿಸ್ಕೊಂಡು ಕೂತ್ರೆ ಅಣ್ಣನ ಎದೆ ಇನ್ನೇನಾಗುತ್ತೆ ಅತ್ತಿಗೆ? ಡಾಕ್ಟರನ್ನ ಕೇಳಿ ನೋಡಿ, ಯಾವುದರಿಂದ ಬಂತು ಅಂತ," ಎಂದಿದ್ದಳು. ಗಂಡ ಅಲ್ಲೇ ಇದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕೆಮ್ಮಿದ. ಪಾಪ, ತಂಗಿಯನ್ನು ಗದರಿಸುವಷ್ಟು ಉಸಿರು ಅವನಿಗೆಲ್ಲಿದೆ ಎಂದು ಹಾಸಿಗೆಯವಳು ಸಮಾಧಾನ ಮಾಡಿಕೊಂಡಿದ್ದಳು. ಆದರೆ ಮಾತು ದಬ್ಬಣದ ಹಾಗೆ ಒಳಗೆ ಇಳಿದಿತ್ತು. ಹತ್ತಿಯಿಂದಲೇ ಬಂದದ್ದಾದರೆ ಇಷ್ಟು ವರ್ಷ ತಾನು ಹೊಲಿದದ್ದಕ್ಕೆಲ್ಲ ಏನರ್ಥ? ಅವನನ್ನು ಉಳಿಸಿಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ. ಅವನು ಉಳಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಡಾಕ್ಟರರ ಫೋನು ಬಡಿದುಕೊಳ್ಳತೊಡಗಿತು. ಅವರು ಎದ್ದರು. "ಇಡಿಯೋಪಥಿಕ್ ಅಮ್ಮಾ, ಇಡಿಯೋಪಥಿಕ್," ಎಂದು ಫೋನು ಕಿವಿಗಿಟ್ಟುಕೊಂಡು ಹೊರಟೇಹೋದರು. ಪ್ರಶ್ನೆ ಎರಡು, ಉತ್ತರ ಒಂದು. ಯಾವುದಕ್ಕೆ ಯಾವುದು ಎಂದು ಕೇಳಲು ಅಲ್ಲಿ ಖಾಲಿ ಕುರ್ಚಿ ಬಿಟ್ಟರೆ ಯಾರೂ ಇರಲಿಲ್ಲ. ನರ್ಸು ಬಂದು ಒಂದಿಷ್ಟು ಮಾತ್ರೆ ಕೊಟ್ಟು, "ಇದು ಕೆಮ್ಮಿಗೆ" ಎಂದು ಬಾಗಿಲು ತೋರಿಸಿದಳು.

ಮನೆಗೆ ಬಂದು ಗಂಡನನ್ನು ದಿಂಬಿಗೆ ಒರಗಿಸಿದ ಮೇಲೆ ಹಾಸಿಗೆಯವಳು ಬಾಯಿ ತೆರೆದಳು. ಅಷ್ಟು ಜೋಪಾನವಾಗಿ ತಂದರೂ ಮಾತು ದಾರಿಯಲ್ಲಿ ಸ್ವಲ್ಪ ಸವೆದಿತ್ತು. "ಅದೇನೋ ಇಡಿಯೋಪತಿ ಅಂತಂದ್ರು ಕಣ್ರೀ."

ಕಂಡಕ್ಟರು ಕಣ್ಣು ತೆರೆದ. "ಈಡಿಯಟ್ ಪತಿನಾ? ನನ್ನನ್ನೇ ಬೈದಿದಾನೆ ಕಣೇ ಅವನು. ಗಂಡನ್ನ ಹೊರಗೆ ಕೂರಿಸಿ ಹೆಂಡ್ತಿ ಹತ್ರ ಹೀಗಾ ಅನ್ನೋದು?" ಎಂದು ನಗಲು ಹೋಗಿ ಕೆಮ್ಮು ಹತ್ತಿ, ಮುಖವೆಲ್ಲ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ಹೆಂಡತಿ ಬೆನ್ನು ನೀವಿದಳು. ಆ ಮನೆಯಲ್ಲಿ ನಗು ಎಂಬುದು ಬಂದು ಎಷ್ಟೋ ಕಾಲವಾಗಿತ್ತು, ಕೆಮ್ಮಿನ ಜೊತೆಗಾದರೂ ಸರಿ.

ಸಂಜೆ ಬಂದ ನಾದಿನಿ ಮಾತ್ರ ನಗಲಿಲ್ಲ. ಅವಳು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ನಾಲ್ಕು ಜನರ ನಡುವೆ ಓಡಾಡಿದವಳು. ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕಣ್ಣು ಅರಳಿದವು. "ಅಯ್ಯೋ ಅತ್ತಿಗೆ, ಗೊತ್ತಾಗ್ಲಿಲ್ವಾ? ಅಲೋಪತಿ ಇದೆ, ಹೋಮಿಯೋಪತಿ ಇದೆ, ನ್ಯಾಚುರೋಪತಿ ಇದೆ. ಇದು ಇಡಿಯೋಪತಿ! ನಮ್ ಕೈಲಿ ಆಗಲ್ಲ, ಆ ಡಾಕ್ಟರ ಹತ್ರ ಹೋಗಿ ಅಂತ ಹೇಳಿದಾರೆ ಅವ್ರು. ನಮ್ಮ ಹೆಡ್‌ಮಾಸ್ಟ್ರ ಮಾವನಿಗೆ ಎಲ್ರೂ ಕೈಬಿಟ್ಟ ಮೇಲೆ ನ್ಯಾಚುರೋಪತೀಲೇ ಅಲ್ವಾ ವಾಸಿಯಾಗಿದ್ದು!"

ಎಷ್ಟು ಸಲೀಸಾಗಿ ಕೂತುಬಿಟ್ಟಿತು ನೋಡಿ! ಬೀಗಕ್ಕೆ ಅದರದ್ದೇ ಕೀಲಿ ಸಿಕ್ಕಿದ ಹಾಗೆ. ಎರಡು ಪ್ರಶ್ನೆಗಳಲ್ಲಿ ಡಾಕ್ಟರು ಉತ್ತರಿಸಿದ್ದು ಎರಡನೆಯದಕ್ಕೆ ಎಂದು ಮೂವರೂ ಒಪ್ಪಿದರು. ಒಪ್ಪದೆ ಇನ್ನೇನು ಮಾಡುತ್ತಾರೆ? ಅವರ ಜಾಗದಲ್ಲಿ ಕೂತವರು ಯಾರಾದರೂ ಹಾಗೇ ಒಪ್ಪುತ್ತಿದ್ದರು. ಕಂಡಕ್ಟರು ಇಡಿಯೋಪತಿ, ಇಡಿಯೋಪತಿ ಎಂದು ಸ್ಟಾಪಿನ ಹೆಸರು ಕೂಗುವವನಂತೆ ಮೆಲ್ಲಗೆ ಹೇಳಿಕೊಂಡ. ಹೊರಡುವಾಗ ನಾದಿನಿ ಅತ್ತಿಗೆಯ ಕೈ ಹಿಡಿದು, "ನಾನವತ್ತು ಹತ್ತಿ ಗಿತ್ತಿ ಅಂತ ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು. ಹಾಸಿಗೆಯವಳು ಹಾಕಿಕೊಂಡಳು. ಆವತ್ತು ಅವಳು ಏನು ಬೇಕಾದರೂ ಹಾಕಿಕೊಳ್ಳುತ್ತಿದ್ದಳು.

ಮರುದಿನದಿಂದ ಹುಡುಕಾಟ. ಬೀದಿ ಮೂಲೆಯ ಔಷಧಿ ಅಂಗಡಿಯವನು ತಲೆ ಎತ್ತದೆ, "ಇಡಿಯೋಪತಿನಾ? ಆ ಕಂಪನಿ ಮಾಲು ನಾವಿಡಲ್ಲಮ್ಮ," ಎಂದ. ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ ಡಾಕ್ಟರು ಇರಲಿಲ್ಲ. ಚೀಟಿ ಕೊಡುವ ಹುಡುಗಿ ಉಗುರಿನ ಬಣ್ಣ ಊದಿ ಒಣಗಿಸಿಕೊಳ್ಳುತ್ತಾ, "ಅದು ಬೇರೆ ಬ್ರಾಂಚು ಅನ್ಸುತ್ತೆ, ಇಲ್ಲಿ ಬರಲ್ಲ," ಎಂದಳು. ಬ್ರಾಂಚು! ಎಂದಮೇಲೆ ಎಲ್ಲೋ ಇದೆ ಎಂದಾಯಿತಲ್ಲ. ಗಂಡನನ್ನು ನೋಡಲು ಬಂದ ಡ್ರೈವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿಂಗ್ ರೋಡಿನ ಆಚೆ ಯಾರೋ ಒಬ್ಬರು ಇದ್ದಾರಂತೆ, ಬೋರ್ಡು ನೋಡಿದ ನೆನಪು ಎಂದ. ಅವನದು ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರು ಇಲ್ಲದ ಬೋರ್ಡನ್ನೂ ನೋಡಿರುತ್ತಾರೆ. ಹಾಸಿಗೆಯವಳು ರಿಂಗ್ ರೋಡಿನುದ್ದಕ್ಕೂ ಬೋರ್ಡು ಓದುತ್ತಾ ನಡೆದಳು. ಹಲ್ಲಿನವರು, ಕಣ್ಣಿನವರು, ಮೂಳೆಯವರು, ಟಯರಿನವರು ಎಲ್ಲ ಸಿಕ್ಕರು.

ದೊಡ್ಡಾಸ್ಪತ್ರೆಗೇ ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹೋದಳು. ಆ ಡಾಕ್ಟರು ರಜೆಯ ಮೇಲಿದ್ದರು, ಕಿಟಕಿಯವನು ಮುಂದಿನ ತಿಂಗಳು ಬನ್ನಿ ಎಂದ. ಅಲ್ಲೇ ಇನ್ನೊಬ್ಬರನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಹುಡುಕುವಷ್ಟು ದಿನ ಇದ್ದೇ ಇರುತ್ತಾನೆ ಆ ಇಡಿಯೋಪತಿ ಡಾಕ್ಟರು.

ಈ ನಡುವೆ ಕಂಡಕ್ಟರು ಸೊರಗುತ್ತಲೇ ಹೋದ. ಹಾಸಿಗೆಯನ್ನು ಮನೆಯ ಹಿಂದಿನ ತುದಿಗೆ, ಅಡುಗೆಮನೆಯ ಮೂಲೆಗೆ ಹಾಕಿಸಿಕೊಂಡ, ಅಲ್ಲಿ ಬೆಚ್ಚಗಿರುತ್ತದೆ ಎಂದ. ಮೈ ಸೊರಗಿದಷ್ಟೂ ಮಾತಿನಲ್ಲಿ ಇಡಿಯೋಪತಿ ಹೆಚ್ಚಾಯಿತು. ಅವರು ಗುಳಿಗೆ ಕೊಡುತ್ತಾರೋ ಕಷಾಯ ಕೊಡುತ್ತಾರೋ, ಪಥ್ಯ ಇರುತ್ತದೋ ಇಲ್ಲವೋ ಎಂದು ನಿಂತು ನಿಂತು ಉಸಿರೆಳೆದು ಕೇಳುತ್ತಿದ್ದ. ಒಂದು ಬೆಳಿಗ್ಗೆ ಕನ್ನಡಿ ತರಿಸಿ, ತಾನೇ ಗಡ್ಡ ಹೆರೆದುಕೊಂಡ. "ನೀನು ಇವತ್ತು ವಿಳಾಸ ತಂದೇ ತರ್ತೀಯ ಅಂತ ಅನ್ನಿಸ್ತಿದೆ. ಆ ಡಾಕ್ಟರ ಮುಂದೆ ಭಿಕ್ಷೆಯೋನ ಥರ ಹೋಗಿ ನಿಂತ್ಕೊಳ್ಳಾ?" ಎಂದ. ಕೆನ್ನೆಯಲ್ಲಿ ಒಂದೆರಡು ಕಡೆ ಗಾಯವಾಗಿತ್ತು. ಹಾಸಿಗೆಯವಳು ಹತ್ತಿಯ ಚೂರು ಒತ್ತಿ ರಕ್ತ ನಿಲ್ಲಿಸಿ, ಹೊಲಿದಿಟ್ಟಿದ್ದ ಹಾಸಿಗೆಯೊಂದನ್ನು ಕೈಗಾಡಿಯ ಮೇಲೆ ಹೇರಿಕೊಂಡು ಹೊರಟಳು.

ಆ ಹಾಸಿಗೆ ಬೀದಿಯವರು ಅರ್ಥಾತ್ ಮೇಷ್ಟ್ರು ಎನ್ನುವವರದು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು, ಈಗ ವಾರಪತ್ರಿಕೆಯೊಂದಕ್ಕೆ ಪದಬಂಧ ಮಾಡಿಕೊಡುತ್ತಾರೆ. ಎರಡು ಮಾತಿಗೊಮ್ಮೆ "ಅರ್ಥಾತ್" ಅನ್ನದಿದ್ದರೆ ಅವರಿಗೆ ಮೂರನೆಯದು ಬರುವುದಿಲ್ಲ. ಮನೆಯ ತುಂಬ ಪೇಪರಿನ ಕಟ್ಟು, ಕುರ್ಚಿಯ ಮೇಲೂ ಪುಸ್ತಕ. ಹಾಸಿಗೆಯನ್ನು ಮಂಚದ ಮೇಲೆ ಹರವಿ ಮೂಲೆ ಸರಿಪಡಿಸುವಾಗ ಹಾಸಿಗೆಯವಳಿಗೆ ತಟ್ಟನೆ ಹೊಳೆಯಿತು: ಇಂಗ್ಲಿಷ್ ಮಾತು, ಇಂಗ್ಲಿಷ್ ಮೇಷ್ಟ್ರು. ಇಷ್ಟು ದಿನ ಎಲ್ಲೆಲ್ಲೋ ಅಲೆದೆನಲ್ಲ!

"ಮೇಷ್ಟ್ರೇ, ಇಡಿಯೋಪತಿ ಡಾಕ್ಟರು ಎಲ್ಲಿ ಸಿಗ್ತಾರೆ?"

"ಏನು ಡಾಕ್ಟರು?"

ಅವಳು ಆಸ್ಪತ್ರೆಯ ಕತೆಯನ್ನೆಲ್ಲ ಹೇಳಿದಳು. ಮೇಷ್ಟ್ರು ಕೇಳುತ್ತಾ ಕೇಳುತ್ತಾ ಕನ್ನಡಕ ಏರಿಸಿದರು. ಅವರ ಮುಖದಲ್ಲಿ ಬೆಳಕು ಕಂಡಿತು. ಅದು ಇನ್ಯಾವುದೋ ಬೆಳಕು ಎಂದು ಪಾಪ ಅವಳಿಗೇನು ಗೊತ್ತು?

"ಇಡಿಯೋಪತಿ ಅಲ್ಲಮ್ಮ, ಇಡಿಯೋಪಥಿಕ್. ಆಹಾ, ಎಂಥ ಪದ ತಂದೆ! ಕೂತ್ಕೋ. ಇದು ಗ್ರೀಕರದ್ದು. ಎರಡು ತುಂಡು ಸೇರಿದೆ. ಪಾಥೋಸ್ ಅಂದ್ರೆ ನೋವು, ಸಂಕಟ, ಕಾಯಿಲೆ. ನಿಮ್ ನಾದಿನಿ ಹೇಳಿದ್ಲಲ್ಲ ಹೋಮಿಯೋಪತಿ, ಅಲೋಪತಿ, ಅವುಗಳ ಬಾಲದಲ್ಲಿರೋದೂ ಇದೇ. ಅವಳು ಪೂರ್ತಿ ತಪ್ಪಲ್ಲ ನೋಡು. ಇನ್ನು ಮುಂದಿನ ತುಂಡು, ಈಡಿಯೋಸ್. ಅರ್ಥಾತ್ ತನ್ನದು, ಸ್ವಂತದ್ದು, ಬೇರೆಯವರ ಪಾಲಿಲ್ಲದ್ದು. ಒಂದು ಭಾಷೆಗೇ ಸ್ವಂತವಾದ ಮಾತಿನ ಬೆಡಗಿಗೆ ಈಡಿಯಮ್ ಅಂತೀವಲ್ಲ, ಅದೂ ಈ ಬೇರಿನದ್ದೇ. ಈಡಿಯಟ್ ಕೂಡ!"

"ನಮ್ಮನೆಯವರು ಹಾಗೇ ಅಂದ್ರು," ಎಂದಳು ಅವಳು. "ಈಡಿಯಟ್ ಪತಿ ಅಂತ."

ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ಭೇಷ್! ಈಡಿಯಟ್ ಅಂದ್ರೆ ಮೊದಲು ಬೈಗುಳ ಅಲ್ವೇ ಅಲ್ಲಮ್ಮ. ಊರ ಉಸಾಬರಿ ಇಲ್ದೆ ತನ್ನ ಪಾಡಿಗೆ ತಾನಿರೋನು ಅಂತ. ಆಮೇಲಾಮೇಲೆ ದಡ್ಡ ಆಯ್ತು. ಇನ್ನು ಇಡಿಯೋಪಥಿಕ್ ಅಂದ್ರೆ ತನ್ನದೇ ಕಾಯಿಲೆ. ಅರ್ಥಾತ್ ಇನ್ನೊಂದು ಕಾಯಿಲೆಯಿಂದ ಹುಟ್ಟಿದ್ದಲ್ಲ, ತಾನೇ ತಾನಾಗಿ ಬಂದದ್ದು. ಮೊದಲಿಗೆ ಹಾಗಿತ್ತು. ಈಗ ಡಾಕ್ಟರುಗಳ ಬಾಯಲ್ಲಿ ಅದರ ಅರ್ಥ ಇನ್ನೂ ಸ್ವಲ್ಪ ಜಾರಿದೆ."

ಹಾಸಿಗೆಯವಳಿಗೆ ಗ್ರೀಕರೂ ಬೇಡ, ಬೇರೂ ಬೇಡ. "ಅರ್ಥಾತ್?" ಎಂದಳು, ಅವರದೇ ಮಾತನ್ನು ಅವರಿಗೇ ಹಿಂದಿರುಗಿಸಿ.

"ಅರ್ಥಾತ್, ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ ಮೇಷ್ಟ್ರೇ?"

"ನನಗಲ್ಲಮ್ಮ, ಡಾಕ್ಟರಿಗೆ. ಆ ಪದದ ಅರ್ಥವೇ ಅದು. ಯಾವುದರಿಂದ ಬಂತೋ ಗೊತ್ತಿಲ್ಲ ಅಂತ."

ಅವಳು ಹಾಸಿಗೆಯ ಅಂಚು ಹಿಡಿದು ಕೂತಲ್ಲೇ ಕೂತಳು. ಮೇಷ್ಟ್ರು ಆಗ ಮೊದಲ ಸಲ ಪದವನ್ನು ಬಿಟ್ಟು ಅವಳ ಮುಖ ನೋಡಿದರು. ತಾನು ಏನು ಮಾಡಿಬಿಟ್ಟೆ ಎಂದು ಅವರಿಗೆ ಹೊಳೆದಿರಬೇಕು. ಕನ್ನಡಕ ತೆಗೆದು ಸುಮ್ಮಸುಮ್ಮನೆ ಒರೆಸತೊಡಗಿದರು.

"ಹಾಗಾದ್ರೆ ಔಷಧಿ?"

"ಆ ಪದದಲ್ಲಿ ಔಷಧಿ ಇಲ್ಲಮ್ಮ."

"ಆ ಹೆಸರಿನ ಡಾಕ್ಟರು ಎಲ್ಲೂ ಇಲ್ವಾ? ದೂರದ ಊರಲ್ಲಾದ್ರೂ? ಗ್ರೀಕರ ಕಡೆ?"

"ಇಲ್ಲ," ಎಂದರು ಮೇಷ್ಟ್ರು. ಇಷ್ಟು ಚಿಕ್ಕ ಮಾತು ಅವರ ಬಾಯಿಂದ ಬಂದದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಾರರು.

ಡಾಕ್ಟರು ಉತ್ತರ ಕೊಟ್ಟದ್ದು ಮೊದಲನೆಯ ಪ್ರಶ್ನೆಗೆ. ಎರಡನೆಯದನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ, ಅಥವಾ ಹಾಕಿಕೊಂಡರೂ ಅದಕ್ಕೆ ಹೇಳುವಂಥದ್ದು ಅವರಲ್ಲಿ ಇರಲಿಲ್ಲ. ಹಾಸಿಗೆಯವಳು ಎದ್ದಳು. ಬಾಗಿಲತನಕ ಹೋದವಳು ತಿರುಗಿ ನಿಂತಳು.

"ಮೇಷ್ಟ್ರೇ, ಹತ್ತಿಯಿಂದ ಬಂದಿದ್ರೆ?"

"ಹತ್ತಿಯಿಂದ ಅಂತ ಗೊತ್ತಾಗಿದ್ರೆ ಅವರು ಈ ಪದ ಬಳಸ್ತಿರಲಿಲ್ಲಮ್ಮ."

"ಹಾಗಾದ್ರೆ ಹತ್ತಿಯಿಂದ ಅಲ್ಲ!"

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಆಯುಷ್ಯವಿಡೀ ಪದಗಳಿಗೆ ಸರಿಯಾದ ಅರ್ಥ ಕೊಟ್ಟು ಅಭ್ಯಾಸವಾದ ಮನುಷ್ಯ. "ಹಾಗೂ ಹೇಳೋಕೆ ಬರಲ್ಲ," ಎಂದರು ನೆಲ ನೋಡುತ್ತಾ. "ಅಲ್ಲ ಅಂತ ಆ ಪದ ಹೇಳಲ್ಲ. ಗೊತ್ತಿಲ್ಲ ಅಂತಷ್ಟೇ ಹೇಳುತ್ತೆ."

ಖಾಲಿ ಕೈಗಾಡಿ ರಸ್ತೆಯ ಪ್ರತಿ ಕಲ್ಲಿಗೂ ಎಗರಿ ಸದ್ದು ಮಾಡುತ್ತಿತ್ತು. ಅವಳು ಅದನ್ನು ದೂಡುತ್ತಾ ಬಂದಳೋ ಅದೇ ಅವಳನ್ನು ಎಳೆದು ತಂದಿತೋ. ರಸ್ತೆಯಲ್ಲಿ ಎಂದಿನ ಜನ, ಎಂದಿನ ಗಲಾಟೆ. ಪರಿಚಯದವರೊಬ್ಬರು ನನ್ನ ದಿಂಬು ಯಾವಾಗ ಎಂದು ಕೂಗಿದರು. ನಾಳೆ ಎಂದು ಅವಳ ಬಾಯಿ ತಾನಾಗಿಯೇ ಹೇಳಿತು. ಅವನು ಸಾಯುತ್ತಾನೆ ಎಂದು ಅವಳು ಮೊದಲ ಸಲ ತನಗೆ ತಾನೇ ಹೇಳಿಕೊಂಡದ್ದು ಆಗ, ಬೇಕರಿಯ ಮುಂದೆ. ಸಾಯುತ್ತಾನೆ, ಯಾಕೆ ಸತ್ತ ಎಂದು ಯಾರಿಗೂ ತಿಳಿಯುವುದಿಲ್ಲ. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಕಂಡಕ್ಟರು ಅಡುಗೆಮನೆಯಿಂದ ಎದ್ದು ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಹೇಗೆ ಬಂದನೋ, ಎಷ್ಟು ಸಲ ನಿಂತು ಬಂದನೋ. ಒಗೆದ ಅಂಗಿ, ತಲೆ ಬಾಚಿಕೊಂಡಿದ್ದ, ಕಾಲಿಗೆ ಚಪ್ಪಲಿ. ಸ್ಕ್ಯಾನಿನ ದೊಡ್ಡ ಲಕೋಟೆ ತೊಡೆಯ ಮೇಲೆ. ಹೊರಡಲು ತಯಾರಾಗಿ ಕೂತವನನ್ನು ನೋಡಿ ಅವಳಿಗೆ ಕೈಗಾಡಿಯನ್ನು ಅಲ್ಲೇ ತಿರುಗಿಸಿ ಓಡಿಬಿಡಬೇಕೆನ್ನಿಸಿತು.

"ಸಿಕ್ಕಿದ್ರೇನೇ?"

"ಅಂಥ ಡಾಕ್ಟರು ಇಲ್ಲಾರೀ," ಎಂದಳು. ಹೇಗೆ ಸುತ್ತಿ ಬಳಸಿ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಎಲ್ಲಿ ಹೋಯಿತೋ. ಮೇಷ್ಟ್ರು ಹೇಳಿದ್ದನ್ನು ಹಾಗಾಗೇ ಒಪ್ಪಿಸಿಬಿಟ್ಟಳು. ಅದು ಔಷಧಿಯ ಹೆಸರಲ್ಲ. ಯಾವುದರಿಂದ ಬಂತೋ ಗೊತ್ತಿಲ್ಲ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ.

ಅವನು ಲಕೋಟೆಯನ್ನು ನೇವರಿಸುತ್ತಾ ಕೇಳಿಸಿಕೊಂಡ. "ಗೊತ್ತಿಲ್ಲ ಅನ್ನೋಕೆ ಅಷ್ಟುದ್ದ ಮಾತಾ?" ಎಂದ. ನಗಲಿಲ್ಲ. ಒಂದು ಉಸಿರು ಎಳೆದುಕೊಂಡ, ಸಾಲಲಿಲ್ಲ, ಇನ್ನೊಂದು ಎಳೆದುಕೊಂಡ. ಆಮೇಲೆ ಅವಳ ಮುಖ ನೋಡದೆ ಕೇಳಿದ:

"ಹಾಗಾದ್ರೆ, ಹತ್ತಿಯಿಂದ ಅಲ್ಲ ತಾನೆ?"

ಹಾಸಿಗೆಯವಳಿಗೆ ಆಗ ಹೊಳೆಯಿತು. ತಂಗಿ ಅಂದ ದಿನ ಅವನು ಸುಮ್ಮನಿದ್ದದ್ದು ಉಸಿರಿಲ್ಲದ್ದಕ್ಕಲ್ಲ. ಅಡುಗೆಮನೆಗೆ ಹೋದದ್ದು ಬೆಚ್ಚಗಿರಲಿ ಎಂದಲ್ಲ. ಅವನೂ ಅದನ್ನೇ ಯೋಚಿಸುತ್ತಿದ್ದ, ತಂಗಿಗಿಂತ ಮೊದಲಿನಿಂದ, ಬಹುಶಃ ಮೊದಲ ಕೆಮ್ಮಿನಿಂದ. ಅವಳು ಹೊಲಿದ ದಿಂಬಿಗೆ ಒರಗಿಕೊಂಡು, ಅವಳ ಕೈಯಿಂದ ಬೆನ್ನು ನೀವಿಸಿಕೊಂಡು, ಯೋಚಿಸುತ್ತಲೇ ಇದ್ದ. ಒಂದು ದಿನವೂ ಬಾಯಿ ಬಿಡಲಿಲ್ಲ.

"ಅಲ್ಲ," ಎಂದಳು.

ಅವನು ಈಗ ತಲೆಯೆತ್ತಿ ಅವಳನ್ನೇ ನೋಡಿದ. ಕೆನ್ನೆಯ ಗಾಯದಲ್ಲಿ ಅವಳು ಬೆಳಿಗ್ಗೆ ಒತ್ತಿದ ಹತ್ತಿ ಒಣಗಿ ಅಂಟಿಕೊಂಡಿತ್ತು.

"ಅದು ಮೇಷ್ಟ್ರು ಹೇಳಿದ್ದಾ," ಎಂದ, "ನೀನು ಹೇಳ್ತಿರೋದಾ?"

ಅವಳು ಮೆಟ್ಟಿಲ ಬುಡದಲ್ಲಿ ಕುಕ್ಕರಿಸಿ ಅವನ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ಬಿಚ್ಚಿ ಆದಮೇಲೂ ತಲೆ ಎತ್ತಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಾ ಉಸಿರೆಳೆದುಕೊಳ್ಳುವುದು ಮೇಲಿನಿಂದ ಕೇಳುತ್ತಲೇ ಇತ್ತು.